ಟೆಂಪಿಯ ಕುಂಭಕರ್ಣ

ಅರಿಜೋನಾದ ಚಾಂಡ್ಲರ್‌ನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬ ಹುಡುಗನಿದ್ದ. ಹದಿನೇಳು ವರ್ಷಕ್ಕೇ ಬಾಗಿಲು ತುಂಬುವಷ್ಟು ಬೆಳೆದಿದ್ದ. ಜುಲೈ ತಿಂಗಳಲ್ಲಿ ನಾನು ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೇ ವಾಕಿಂಗ್ ಹೊರಟರೆ, ಅವನು ಅಷ್ಟು ಹೊತ್ತಿಗಾಗಲೇ ಭುಜದ ಕವಚವನ್ನು ಹೆಗಲಿಗೆ ನೇತುಹಾಕಿಕೊಂಡು ಹೈಸ್ಕೂಲಿನ ಅಭ್ಯಾಸಕ್ಕೆ ಹೊರಟಿರುತ್ತಿದ್ದ. ಒಂದು ಡಿಸೆಂಬರಿನಲ್ಲಿ ಅವರ ಗ್ಯಾರೇಜಿನ ಬಾಗಿಲ ಮೇಲೆ ಅವನು ಮುಂದೆ ಆಡಲಿರುವ ವಿಶ್ವವಿದ್ಯಾಲಯದ ದೊಡ್ಡದೊಂದು ಬಾವುಟ ಬಂತು. ಇಪ್ಪತ್ತು ಕಿಲೋಮೀಟರ್ ದೂರದ ಟೆಂಪಿಯಲ್ಲಿರುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ್ದಿರಬೇಕು ಎಂದುಕೊಂಡು ಹತ್ತಿರ ಹೋಗಿ ನೋಡಿದರೆ, ಅದು ವಿಮಾನದಲ್ಲಿ ಮೂರು ಗಂಟೆ ದೂರದ ಒಂದು ಊರಿನ ಬಾವುಟ. ಯಾಕಪ್ಪಾ ಅಷ್ಟು ದೂರ ಎಂದು ಕೇಳಿದ್ದಕ್ಕೆ ಅವನು, "ಅಲ್ಲಿ ಶನಿವಾರ ಬಂತೆಂದರೆ ಊರಿಗೆ ಊರೇ ಮೈದಾನದಲ್ಲಿರುತ್ತದೆ" ಎಂದ.

ಆ ಒಂದು ಮಾತು ನನ್ನ ತಲೆಯಲ್ಲಿ ವರ್ಷಗಟ್ಟಲೆ ಉಳಿದಿದೆ. ಇಲ್ಲಿನ ಕಾಲೇಜು ಫುಟ್‌ಬಾಲಿನ ಅಭಿಮಾನಿಗಳು ಪ್ರತಿ ಬೇಸಿಗೆಯಲ್ಲೂ ಹೂಡುವ ಒಂದು ಚರ್ಚೆಯಿದೆ: ಎಲ್ಲ ಅನುಕೂಲಗಳಿದ್ದೂ ಇನ್ನೂ ಎದ್ದು ನಿಲ್ಲದ ತಂಡ ಯಾವುದು? ಅವರು ಅಂಥ ತಂಡವನ್ನು ಮಲಗಿರುವ ದೈತ್ಯ ಎನ್ನುತ್ತಾರೆ. ನಮ್ಮವರಿಗೆ ಕುಂಭಕರ್ಣ ಎಂದರೆ ಹೆಚ್ಚು ಸರಿಹೋಗುತ್ತದೆ, ಏಕೆಂದರೆ ಅವನು ತಾನಾಗಿಯೇ ಏಳುವವನಲ್ಲ, ನಗಾರಿ ಬಾರಿಸಬೇಕು, ಗಾಡಿಗಟ್ಟಲೆ ಅನ್ನ ಸುರಿಯಬೇಕು. ನನ್ನ ಮಟ್ಟಿಗೆ ಈ ದೇಶದ ಅತಿ ದೊಡ್ಡ ಕುಂಭಕರ್ಣ ಮಲಗಿರುವುದು ನಮ್ಮ ಟೆಂಪಿಯಲ್ಲೇ.

ಊರಿನಲ್ಲಿರುವ ಗೆಳೆಯರಿಗಾಗಿ ಒಂದು ಮಾತು. ಇದು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಡಿಕ್ಕಿ ಹೊಡೆಯುತ್ತಾ ಓಡುವ ಆಟ. ಕಾಲೇಜು ಹುಡುಗರ ಆಟವೆಂದರೆ ಅಂತರ ಕಾಲೇಜು ಪಂದ್ಯದಂತೆ ಬೆಂಚಿನ ಮೇಲೆ ಐವತ್ತು ಜನ ಕೂತಿರುತ್ತಾರೆಂದು ಕಲ್ಪಿಸಿಕೊಳ್ಳಬೇಡಿ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗಿಂತ ಹೆಚ್ಚು. ಲಕ್ಷ ಮೀರಿದ ಇಂಥ ಮೈದಾನಗಳು ಇಲ್ಲಿ ಎಂಟಿವೆ, ಎಂಟೂ ವಿಶ್ವವಿದ್ಯಾಲಯಗಳವು.

ಟೆಂಪಿಯ ಅರಿಜೋನಾ ಸ್ಟೇಟ್ ತಂಡ ಎಂದೂ ಎದ್ದೇ ಇಲ್ಲವೆಂದರೆ ತಪ್ಪಾಗುತ್ತದೆ. 1958 ಈ ಸಂಸ್ಥೆಯ ಪಾಲಿಗೆ ಎಲ್ಲ ಒಟ್ಟಿಗೆ ಕೂಡಿಬಂದ ವರ್ಷ. ಅದು ಕಾಲೇಜಾಗಿಯೇ ಉಳಿಯಬೇಕೋ ವಿಶ್ವವಿದ್ಯಾಲಯವಾಗಬೇಕೋ ಎಂಬುದನ್ನು ರಾಜ್ಯದ ಜನ ಮತ ಹಾಕಿ ನಿರ್ಧರಿಸಿದ್ದು ಆ ವರ್ಷ, ಎರಡು ಕಲ್ಲುಗುಡ್ಡಗಳ ನಡುವೆ ಕ್ರೀಡಾಂಗಣ ತೆರೆದದ್ದು ಆ ವರ್ಷ, ಫ್ರಾಂಕ್ ಕುಶ್ ಎಂಬ ಕಟ್ಟುನಿಟ್ಟಿನ ಕೋಚ್ ಅಧಿಕಾರ ವಹಿಸಿಕೊಂಡದ್ದೂ ಅದೇ ವರ್ಷ. ಕುಶ್ ಅವರ ತಂಡ ಗೆಲ್ಲುತ್ತಲೇ ಹೋಯಿತು, ಆದರೆ ಋತುವಿನ ಕೊನೆಗೆ ಆಯ್ದ ತಂಡಗಳನ್ನು ಕರೆದು ಆಡಿಸುವ ದೊಡ್ಡ ಬೌಲ್ ಪಂದ್ಯಗಳ ಸಂಘಟಕರು ಮರುಭೂಮಿಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಕರೆಯದ ಮದುವೆಗೆ ಕಾಯುವುದಕ್ಕಿಂತ ತಾವೇ ಚಪ್ಪರ ಹಾಕುವುದು ಮೇಲೆಂದು ಫೀನಿಕ್ಸಿನವರು 1971ರಲ್ಲಿ ಫಿಯೆಸ್ಟಾ ಬೌಲ್ ಎಂಬ ಪಂದ್ಯವನ್ನೇ ಆರಂಭಿಸಿದರು. 1975ರಲ್ಲಿ ಅದೇ ಪಂದ್ಯದಲ್ಲಿ ನೆಬ್ರಾಸ್ಕಾವನ್ನು 17-14ರಿಂದ ಸೋಲಿಸಿ, ಆಡಿದ ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದು, ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದರು. ಮೊದಲ ಸ್ಥಾನದ ಒಕ್ಲಹೋಮಾ ಒಂದು ಪಂದ್ಯ ಸೋತಿತ್ತು ಎಂಬುದನ್ನು ಇಲ್ಲಿನ ಹಿರಿಯರು ಇಂದಿಗೂ ಮರೆಯದೆ ಹೇಳುತ್ತಾರೆ. ಆಟಗಾರನೊಬ್ಬನ ಮೇಲೆ ಕೈಮಾಡಿದ ಆರೋಪದ ನಡುವೆ ಕುಶ್ 1979ರಲ್ಲಿ ಕೆಲಸ ಕಳೆದುಕೊಂಡರು. ಆಮೇಲಿನದೆಲ್ಲ ನಡುನಡುವೆ ಕಣ್ಣು ಬಿಟ್ಟು ಮತ್ತೆ ಮಗ್ಗುಲಾದ ಕಥೆ. 1987ರ ರೋಸ್ ಬೌಲ್‌ನಲ್ಲಿ ಮಿಶಿಗನ್ ವಿರುದ್ಧ ಗೆದ್ದರು. ಹತ್ತು ವರ್ಷಗಳ ನಂತರ ಅದೇ ಮೈದಾನಕ್ಕೆ ಸೋಲೇ ಕಾಣದೆ ಬಂದು, ಓಹಾಯೋ ಸ್ಟೇಟ್ ಎದುರು ಮುನ್ನಡೆಯಲ್ಲಿದ್ದು, ಕೇವಲ 19 ಸೆಕೆಂಡು ಉಳಿದಿದ್ದಾಗ 20-17ಕ್ಕೆ ಕೈಚೆಲ್ಲಿದರು.

ಇದಿಷ್ಟು ಚರಿತ್ರೆ. ಇವರನ್ನು ನಾನು ಕುಂಭಕರ್ಣ ಎನ್ನುವುದು ಚರಿತ್ರೆಯ ಕಾರಣಕ್ಕಲ್ಲ, ನೆಲದ ಕಾರಣಕ್ಕೆ. ಫೀನಿಕ್ಸ್ ಈ ದೇಶದ ಐದನೆಯ ದೊಡ್ಡ ನಗರ. ಸುತ್ತಲಿನ ಟೆಂಪಿ, ಮೇಸಾ, ಚಾಂಡ್ಲರ್, ಗಿಲ್ಬರ್ಟ್, ಸ್ಕಾಟ್ಸ್‌ಡೇಲ್ ಸೇರಿದರೆ ಸುಮಾರು ಐವತ್ತು ಲಕ್ಷ ಜನ. ಟೆಂಪಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ, ಆನ್‌ಲೈನಿನವರೂ ಸೇರಿ, ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಶುಕ್ರವಾರ ಸಂಜೆ ಇಲ್ಲಿನ ಯಾವುದಾದರೂ ಹೈಸ್ಕೂಲಿನ ಪಂದ್ಯಕ್ಕೆ ಹೋಗಿ ಕೂತರೆ ನಾನು ಹೇಳುವುದು ಅರ್ಥವಾಗುತ್ತದೆ. ಸೂರ್ಯ ಮುಳುಗಿದ ಮೇಲೂ ಅಲ್ಯೂಮಿನಿಯಂ ಬೆಂಚು ಇಡ್ಲಿ ಪಾತ್ರೆಯ ಮುಚ್ಚಳದಷ್ಟು ಬಿಸಿಯಾಗಿರುತ್ತದೆ, ಮನೆಯಿಂದ ಟವೆಲ್ ತರದವನು ಮೊದಲ ಕಾಲುಭಾಗ ನಿಂತೇ ನೋಡಬೇಕು. ಆದರೆ ಎದುರಿಗೆ ಓಡುವ ಹುಡುಗರಲ್ಲಿ ಮೂರ್ನಾಲ್ಕು ಜನರ ಹೆಸರಾದರೂ ದೇಶದ ದೊಡ್ಡ ಕೋಚ್‌ಗಳ ಫೋನಿನಲ್ಲಿರುತ್ತದೆ. ನಮ್ಮ ಪಕ್ಕದ ಗಿಲ್ಬರ್ಟ್‌ನ ಪೆರಿ ಹೈಸ್ಕೂಲಿನಲ್ಲಿ ಆಡಿದ ಬ್ರಾಕ್ ಪರ್ಡಿ ಅಯೋವಾ ಸ್ಟೇಟ್‌ಗೆ ಹೋದರು; 2022ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಆಯ್ಕೆಯಲ್ಲಿ ಕಟ್ಟಕಡೆಯವರಾಗಿ, 262ನೆಯವರಾಗಿ ಆಯ್ಕೆಯಾಗಿ, ಎರಡೇ ವರ್ಷದಲ್ಲಿ ಅದರ ಫೈನಲ್ ಆದ ಸೂಪರ್ ಬೌಲ್ ಆಡಿದರು. ಟೂಸಾನ್‌ನ ಬಿಜಾನ್ ರಾಬಿನ್ಸನ್ ಟೆಕ್ಸಸ್‌ಗೆ, ಫೀನಿಕ್ಸ್‌ನ ಸ್ಪೆನ್ಸರ್ ರ್‍ಯಾಟ್ಲರ್ ಒಕ್ಲಹೋಮಾಕ್ಕೆ, ಸ್ಕಾಟ್ಸ್‌ಡೇಲ್‌ನ ಕ್ರಿಶ್ಚಿಯನ್ ಕರ್ಕ್ ಟೆಕ್ಸಸ್ ಎ ಅಂಡ್ ಎಂಗೆ. ನಮ್ಮ ಹೊಲದ ಬೆಳೆಯಲ್ಲಿ ಊರೂರಿನವರು ಹಬ್ಬ ಮಾಡುತ್ತಿದ್ದಾರೆ.

ಇದಕ್ಕೆ ಕಾರಣ ಹುಡುಗರಲ್ಲ, ನಾವು. ಈ ಫೀನಿಕ್ಸ್ ಕಣಿವೆಯಲ್ಲಿರುವ ಬಹುಪಾಲು ಜನ ಬೇರೆಲ್ಲಿಂದಲೋ ಬಂದವರು. ಓಹಾಯೋದಿಂದ ಬಂದವನು ಮೂವತ್ತು ವರ್ಷ ಇಲ್ಲಿ ಬದುಕಿದರೂ ಶನಿವಾರ ಓಹಾಯೋದ ಅಂಗಿಯನ್ನೇ ತೊಡುತ್ತಾನೆ. ಅಯೋವಾ, ನೆಬ್ರಾಸ್ಕಾದವರೂ ಹಾಗೆಯೇ. ಚಿಪ್ ಕಾರ್ಖಾನೆಗಳನ್ನು ನಂಬಿ ಇಲ್ಲಿಗೆ ಬಂದ ನಮ್ಮಂಥ ಕನ್ನಡಿಗರು ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಆರ್‌ಸಿಬಿ ಪಂದ್ಯ ನೋಡುತ್ತೇವೆ, ಆಗ ಅವರನ್ನು ದೂರುವ ಬಾಯಿ ನಮಗೂ ಇಲ್ಲ. 1988ರಲ್ಲಿ ವೃತ್ತಿಪರ ಕಾರ್ಡಿನಲ್ಸ್ ತಂಡ ಸೇಂಟ್ ಲೂಯಿಸ್‌ನಿಂದ ಬಂದು ವಿಶ್ವವಿದ್ಯಾಲಯದ ಮೈದಾನದಲ್ಲೇ ಹದಿನೆಂಟು ಋತು ಬಿಡಾರ ಹೂಡಿದ ಮೇಲಂತೂ ಅಭಿಮಾನ ಮತ್ತಷ್ಟು ಹಂಚಿಹೋಯಿತು. ಅಲಬಾಮಾದಲ್ಲಿ ಎನ್‌ಎಫ್‌ಎಲ್ ತಂಡವೇ ಇಲ್ಲ, ಇಡೀ ರಾಜ್ಯಕ್ಕೆ ಕಾಲೇಜು ಆಟವೇ ಜಾತ್ರೆ.

ನನ್ನ ಲೆಕ್ಕ ಹತ್ತಾರು ವರ್ಷ ಹೀಗೇ ಇತ್ತು: ಯಾರ ಮನೆಯಂಗಳದಲ್ಲಿ ಪ್ರತಿಭೆ ಬೆಳೆಯುತ್ತದೆಯೋ ಅವರೇ ಮುಂದೊಂದು ದಿನ ದೊಡ್ಡವರಾಗುತ್ತಾರೆ, ಕೋಚ್ ಮತ್ತು ಹಣ ಹಿಂದಿನಿಂದ ಬರುತ್ತವೆ. 1979ರಲ್ಲಿ ಹವರ್ಡ್ ಶ್ನೆಲೆನ್‌ಬರ್ಗರ್ ಮಯಾಮಿಗೆ ಬಂದಾಗ ಆ ವಿಶ್ವವಿದ್ಯಾಲಯ ಆಟವನ್ನೇ ಕೈಬಿಡುವ ಯೋಚನೆಯಲ್ಲಿತ್ತು. ಅವರು ದಕ್ಷಿಣ ಫ್ಲಾರಿಡಾದ ಹುಡುಗರು ಹೊರಗೆ ಹೋಗದಂತೆ ನೋಡಿಕೊಂಡರು, 1983ರಲ್ಲಿ ರಾಷ್ಟ್ರ ಚಾಂಪಿಯನ್ ಆದರು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆ ಸಿದ್ಧಾಂತವನ್ನು ಇಂಡಿಯಾನಾ ಬುಡಮೇಲು ಮಾಡಿತು. ಅದು ಬಾಸ್ಕೆಟ್‌ಬಾಲಿನ ರಾಜ್ಯ. ಅದರ ಫುಟ್‌ಬಾಲ್ ತಂಡಕ್ಕೆ 700ಕ್ಕೂ ಹೆಚ್ಚು ಸೋಲುಗಳ ಚರಿತ್ರೆ, 1967ರ ನಂತರ ತಾನಾಡುವ ಬಿಗ್ ಟೆನ್ ಕಾನ್ಫರೆನ್ಸಿನ, ಅಂದರೆ ತಂಡಗಳ ಒಕ್ಕೂಟದ, ಪ್ರಶಸ್ತಿ ಇಲ್ಲ, 2023ರಲ್ಲಿ ಹನ್ನೆರಡರಲ್ಲಿ ಮೂರು ಗೆಲುವು. ಮಲಗಿರುವ ದೈತ್ಯರ ಪಟ್ಟಿಯನ್ನು ಯಾರೇ ಮಾಡಿದ್ದರೂ ಇಂಡಿಯಾನಾದ ಹೆಸರು ಬರುತ್ತಿರಲಿಲ್ಲ. ಅದು ದೈತ್ಯನೆಂದೇ ಯಾರೂ ಎಣಿಸಿರಲಿಲ್ಲ. ಆ ನವೆಂಬರಿನ ಕೊನೆಗೆ ಜೇಮ್ಸ್ ಮ್ಯಾಡಿಸನ್ ಎಂಬ ಸಣ್ಣ ತಂಡದಿಂದ ಅರವತ್ತು ದಾಟಿದ ಕರ್ಟ್ ಸಿಗ್ನೆಟಿ ಬಂದರು, ಜೊತೆಗೆ ಅಲ್ಲಿನ ಹತ್ತಾರು ಆಟಗಾರರನ್ನೂ ಕರೆತಂದರು. ಮೊದಲ ವರ್ಷವೇ ಹನ್ನೊಂದು ಗೆಲುವು. 2025ರಲ್ಲಿ ಓಹಾಯೋ ಸ್ಟೇಟ್ ವಿರುದ್ಧ 13-10ರಿಂದ ಬಿಗ್ ಟೆನ್ ಗೆದ್ದರು. ಕ್ಯಾಲಿಫೋರ್ನಿಯಾದಿಂದ ಬಂದು ಸೇರಿದ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದರು. 2026ರ ಜನವರಿ 19ರಂದು ಮಯಾಮಿಯನ್ನು ಅದರ ಊರಿನ ಮೈದಾನದಲ್ಲೇ 27-21ರಿಂದ ಸೋಲಿಸಿ, ಹದಿನಾರಕ್ಕೆ ಹದಿನಾರು ಗೆದ್ದು ಚಾಂಪಿಯನ್ ಆದರು. ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಇದು ತೀರಾ ಹೊಸ ಕಥೆಯೇನಲ್ಲ. 2017-18ರ ರಣಜಿ ಸೆಮಿಫೈನಲ್ಲಿನಲ್ಲಿ ನಮ್ಮನ್ನು ಐದೇ ರನ್ನುಗಳಿಂದ ಮನೆಗೆ ಕಳಿಸಿದ ವಿದರ್ಭ, ಮುಂಬೈನ ಚಂದ್ರಕಾಂತ ಪಂಡಿತರನ್ನು ಕೋಚ್ ಮಾಡಿಕೊಂಡು, ಮುಂಬೈನ ವಾಸಿಂ ಜಾಫರ್ ಅವರನ್ನೂ ನಮ್ಮವರೇ ಆದ ಗಣೇಶ್ ಸತೀಶ್ ಅವರನ್ನೂ ಆಡಿಸಿ ಕಪ್ಪೆತ್ತಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹೀಗಾಗಲು ಸಾಧ್ಯವಾದದ್ದು ನಿಯಮಗಳು ಬದಲಾದದ್ದರಿಂದ. ಮೊದಲೆಲ್ಲ ತಂಡ ಬದಲಿಸಿದ ಹುಡುಗ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಆ ಕಟ್ಟಳೆ ಸಡಿಲವಾಗಿ, ಟ್ರಾನ್ಸ್‌ಫರ್ ಪೋರ್ಟಲಿನಲ್ಲಿ ಹೆಸರು ಹಾಕಿದವನು ಮುಂದಿನ ಋತುವಿನಲ್ಲೇ ಇನ್ನೊಂದು ತಂಡಕ್ಕೆ ಆಡಬಹುದಾಯಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಹಣ ಸಂಪಾದಿಸಬಹುದಾಯಿತು. 2024ರಲ್ಲಿ ರಾಷ್ಟ್ರ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್ ನಾಲ್ಕು ತಂಡಗಳಿಂದ ಹನ್ನೆರಡಕ್ಕೆ ಏರಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್‌ವರೆಗೆ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದಾಯಿತು. ಅಂದರೆ ಬೆಳೆ ನಮ್ಮ ಹೊಲದ್ದೇ ಆಗಬೇಕೆಂದಿಲ್ಲ, ಸಂತೆಯಲ್ಲಿ ಆರಿಸಿ ತರುವ ಕಣ್ಣು ಮತ್ತು ಜೇಬು ಇದ್ದರೆ ಸಾಕು.

ಬರೀ ಜೇಬಿದ್ದರೆ ಸಾಲದು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ 1,02,733 ಆಸನಗಳ ಮೈದಾನವಿದೆ, ಎಣ್ಣೆಯ ದುಡ್ಡಿದೆ, ಟೆಕ್ಸಸ್‌ನಂಥ ನೆಲವಿದೆ, ಆದರೂ ಕೊನೆಯ ರಾಷ್ಟ್ರ ಪ್ರಶಸ್ತಿ 1939ರದ್ದು. 2023ರಲ್ಲಿ ಜಿಂಬೊ ಫಿಶರ್ ಎಂಬ ಕೋಚ್‌ರನ್ನು ಮನೆಗೆ ಕಳಿಸಲಿಕ್ಕೇ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು ಒಪ್ಪಿಕೊಳ್ಳಬೇಕಾಯಿತು. ನನ್ನ ದೃಷ್ಟಿಯಲ್ಲಿ ಅದು ಮಲಗಿದ ದೈತ್ಯ ಅಲ್ಲವೇ ಅಲ್ಲ, ಎದ್ದು ಎಡವುತ್ತಲೇ ಇರುವ ದೈತ್ಯ. ಉತ್ತರ ಕ್ಯಾರೊಲೈನಾ ಹೆಸರನ್ನೇ ನಂಬಿತು: ಎನ್‌ಎಫ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಿ ಆರು ಸೂಪರ್ ಬೌಲ್ ಗೆದ್ದ ಬಿಲ್ ಬೆಲಿಚಿಕ್ ಅವರನ್ನು ಕರೆತಂದು, ಮೊದಲ ಪಂದ್ಯವನ್ನೇ 48-14ಕ್ಕೆ ಸೋತು, 2025ರ ಋತುವನ್ನು ನಾಲ್ಕೇ ಗೆಲುವಿನೊಂದಿಗೆ ಮುಗಿಸಿತು.

ಟೆಂಪಿಗೆ ಮರಳುತ್ತೇನೆ. 2022ರ ಕೊನೆಯಲ್ಲಿ, ಹಿಂದಿನ ಆಡಳಿತದ ಕಾಲದ ನೇಮಕಾತಿ ಅಕ್ರಮಗಳ ವಿಚಾರಣೆ ಇನ್ನೂ ನಡೆಯುತ್ತಿದ್ದಾಗ, ಕೆನ್ನಿ ಡಿಲಿಂಗ್‌ಹ್ಯಾಮ್ ಕೋಚ್ ಆದರು. ವಯಸ್ಸು 32, ಸ್ಕಾಟ್ಸ್‌ಡೇಲಿನ ಹುಡುಗ, ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೊದಲ ಪತ್ರಿಕಾಗೋಷ್ಠಿಯಲ್ಲೇ ಗಂಟಲು ಕಟ್ಟಿ ಕಣ್ಣೀರು ಹಾಕಿದರು. ಮೊದಲ ವರ್ಷ ಮೂರು ಗೆಲುವು. 2024ರಲ್ಲಿ ಬಿಗ್ 12 ಕಾನ್ಫರೆನ್ಸ್ ಸೇರಿದಾಗ ಹದಿನಾರು ತಂಡಗಳಲ್ಲಿ ಇವರಿಗೆ ಹದಿನಾರನೆಯ ಸ್ಥಾನವೆಂದು ಪಂಡಿತರು ಬರೆದಿದ್ದರು. ಇವರು ಅದೇ ಕಾನ್ಫರೆನ್ಸನ್ನು ಗೆದ್ದು ಪ್ಲೇಆಫ್‌ಗೆ ಹೋದರು. 2025ರ ಹೊಸ ವರ್ಷದ ದಿನ ಟೆಕ್ಸಸ್ ವಿರುದ್ಧ ಆಡಿದ ಪಂದ್ಯವನ್ನು ನಮ್ಮ ಮನೆಯಲ್ಲಿ ಆರು ಕುಟುಂಬಗಳು ಸೇರಿ ನೋಡಿದೆವು. ಕೊನೆಯ ಕಾಲುಭಾಗದಲ್ಲಿ 24-8 ಹಿಂದಿದ್ದರು. ಸಾಕ್ರಮೆಂಟೊ ಸ್ಟೇಟ್ ಎಂಬ ಸಣ್ಣ ತಂಡದಿಂದ ಬಂದಿದ್ದ ಕ್ಯಾಮ್ ಸ್ಕ್ಯಾಟೆಬೊ, ಮೈದಾನದಂಚಿನಲ್ಲಿ ವಾಂತಿ ಮಾಡಿಕೊಂಡು ಮತ್ತೆ ಬಂದು ಆಡಿದ. ಚೆಂಡು ಹಿಡಿದು ಓಡುವುದು ಅವನ ಕೆಲಸ, ಅವನೇ 42 ಗಜ ದೂರ ಎಸೆದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸುವುದು) ಕೊಡಿಸಿದ. ಪಂದ್ಯ 24-24 ಆಯಿತು. ಚಿತ್ರಾನ್ನದ ತಟ್ಟೆಗಳು ಕೈಯಲ್ಲೇ ಉಳಿದವು. ಹೆಚ್ಚುವರಿ ಆಟದಲ್ಲಿ ಟೆಕ್ಸಸ್‌ಗೆ ಕೊನೆಯ ಯತ್ನ, ಹದಿಮೂರು ಗಜ ಬೇಕು, ತಡೆದರೆ ಗೆಲುವು ನಮ್ಮದು. ಅವರು ಅದನ್ನು ಟಚ್‌ಡೌನ್ ಮಾಡಿಕೊಂಡರು. ಎರಡನೆಯ ಹೆಚ್ಚುವರಿ ಆಟದಲ್ಲಿ 39-31ಕ್ಕೆ ಸೋತೆವು. ಆ ಇಡೀ ಪಂದ್ಯದಲ್ಲಿ ನಾನು "ಅವರು" ಬಿಟ್ಟು "ನಾವು" ಎನ್ನತೊಡಗಿದ್ದು ಯಾವಾಗ ಎಂದು ಹೆಂಡತಿ ಆಮೇಲೆ ಕೇಳಿದಳು, ನನಗೂ ಗೊತ್ತಾಗಿರಲಿಲ್ಲ.

2025ರಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಲೆವಿಟ್ ಗಾಯಗೊಂಡರು, ಗೆಲುವು ಎಂಟಕ್ಕೆ ಇಳಿಯಿತು, ಋತು ಮುಗಿದ ಮೇಲೆ ಅವರು ಅದೇ ಪೋರ್ಟಲಿನ ಬಾಗಿಲಿನಿಂದ ಹೊರಟೂ ಹೋದರು. ಬಂದ ದಾರಿಯಲ್ಲೇ ಹೋಗುವವರನ್ನು ತಡೆಯಲು ಹಣ ಬೇಕು. ಆ ಡಿಸೆಂಬರಿನಲ್ಲಿ ಡಿಲಿಂಗ್‌ಹ್ಯಾಮ್ ಮುಚ್ಚುಮರೆಯಿಲ್ಲದೆ, ಇಷ್ಟು ದೊಡ್ಡ ನಗರದಲ್ಲಿ ಎರಡು ಕೋಟಿ ಡಾಲರ್ ಚೆಕ್ ಬರೆಯಬಲ್ಲ ಒಬ್ಬನೇ ಒಬ್ಬ ಶ್ರೀಮಂತ ಇರಲೇಬೇಕಲ್ಲ ಎಂದು ಪತ್ರಕರ್ತರ ಮುಂದೆ ಕೇಳಿಬಿಟ್ಟರು. ಕೆಲವರಿಗೆ ಅದು ಭಿಕ್ಷೆಯಂತೆ ಕಂಡಿತು. ನನಗೆ ನಗಾರಿಯ ಸದ್ದು ಕೇಳಿಸಿತು. ಅವರು ಮಿಶಿಗನ್‌ಗೆ ಹೋಗುತ್ತಾರೆಂಬ ಮಾತೂ ಆಗಲೇ ಎದ್ದಿತ್ತು, ಹೋಗಲಿಲ್ಲ.

ಇಂಡಿಯಾನಾ ನನ್ನ ಹಳೆಯ ಲೆಕ್ಕವನ್ನು ಅಳಿಸಿದ್ದು ನಿಜ, ಆದರೂ ನಾನು ಅದನ್ನು ಪೂರ್ತಿ ಬಿಟ್ಟುಕೊಡಲಾರೆ. ಸಂತೆಯಲ್ಲಿ ಕೊಂಡ ತಂಡವನ್ನು ಪ್ರತಿ ಜನವರಿಯಲ್ಲೂ ಹೊಸದಾಗಿ ಕೊಳ್ಳಬೇಕು. ಸಿಗ್ನೆಟಿಯವರಂಥ ಕಣ್ಣುಳ್ಳವರು ಇರುವವರೆಗೆ ಅದು ನಡೆಯುತ್ತದೆ. ಮನೆಯ ಹತ್ತಿರ ಆಡುವುದನ್ನೇ ಹೆಮ್ಮೆಯೆಂದು ತಿಳಿದ ಹತ್ತು ಹುಡುಗರಿದ್ದರೆ, ಬೇರೆಯವರು ಸ್ವಲ್ಪ ಹೆಚ್ಚು ಕೊಟ್ಟರೂ ಅವರಲ್ಲಿ ನಾಲ್ವರಾದರೂ ಉಳಿಯುತ್ತಾರೆ. ಫೀನಿಕ್ಸ್ ಕಣಿವೆಗೆ ಅಂಥ ಹತ್ತು ಹುಡುಗರನ್ನು ವರ್ಷವರ್ಷವೂ ಕೊಡುವ ಶಕ್ತಿಯಿದೆ, ಇಂಡಿಯಾನಾಕ್ಕೆ ಇಲ್ಲ. ಆದರೆ ಆ ಹೆಮ್ಮೆ ಹುಟ್ಟಬೇಕಾದರೆ ಶನಿವಾರ ಮೈದಾನ ತುಂಬಬೇಕು, ಅದರಲ್ಲಿ ಅರ್ಧ ಎದುರಾಳಿಯ ಬಣ್ಣ ಇರಬಾರದು.

ಎರಡು ಮನೆ ಆಚೆಯ ಆ ಹುಡುಗನಿಗೆ ಒಬ್ಬ ತಮ್ಮನಿದ್ದಾನೆ, ಈಗ ಒಂಬತ್ತನೆಯ ತರಗತಿ, ಅಣ್ಣನಿಗಿಂತ ಒಂದು ಗೇಣು ಎತ್ತರವಾಗುವ ಲಕ್ಷಣವಿದೆ. ಬರುವ ಸೆಪ್ಟೆಂಬರಿಗೆ ನಾನು ಋತುವಿನ ನಾಲ್ಕು ಟಿಕೆಟ್ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ, ಒಂದು ಅವನಿಗೆ. ಟವೆಲ್ ನಾನೇ ತರುತ್ತೇನೆಂದು ಅವನ ಅಪ್ಪನಿಗೆ ಹೇಳಿದ್ದೇನೆ.