ನೋಟಿನ ಬೆನ್ನಿಗೆ ಚಿನ್ನ ಇರಲೇಬೇಕಾ?

ಪರ: ಕಡಿವಾಣ ಬೇಕೇ ಬೇಕು

500ರ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿ ಒಂದು ಮಾತು ಕೊಟ್ಟಿರುತ್ತಾರೆ: ಇದನ್ನು ತಂದವರಿಗೆ 500 ರೂಪಾಯಿ ಕೊಡುತ್ತೇನೆ ಅಂತ. ಹೋಗಿ ಕೇಳಿದರೆ ಸಿಗುವುದು ಇನ್ನೊಂದು ನೋಟು, ಇಲ್ಲವೇ ಚಿಲ್ಲರೆ. ಚಿನ್ನವಂತೂ ಸಿಗುವುದಿಲ್ಲ.

ಮೊದಲು ಒಂದು ಕಟ್ಟುಪಾಡಾದರೂ ಇತ್ತು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆ ಪ್ರಕಾರ, ನೋಟಿಗೆ ಆಧಾರವಾಗಿ ಇಡುವ ಆಸ್ತಿಯಲ್ಲಿ ಶೇ 40ರಷ್ಟಾದರೂ ಚಿನ್ನ ಅಥವಾ ಬ್ರಿಟಿಷ್ ಪೌಂಡಿನ ಸಾಲಪತ್ರ ಇರಬೇಕಿತ್ತು. ನೋಟು ಜಾಸ್ತಿ ಮಾಡಬೇಕಾದರೆ ಅವೂ ಜಾಸ್ತಿಯಾಗಬೇಕು. ಎರಡನೇ ಪಂಚವಾರ್ಷಿಕ ಯೋಜನೆಗೆ ದುಡ್ಡು ಬೇಕಾದಾಗ, 1956ರಲ್ಲಿ, ಈ ಲೆಕ್ಕವನ್ನೇ ಕೈಬಿಟ್ಟರು. 1957ರಿಂದ ಕಾನೂನು ಕೇಳುವುದು ಚಿನ್ನ ಮತ್ತು ವಿದೇಶಿ ಸಾಲಪತ್ರ ಸೇರಿ 200 ಕೋಟಿ ರೂಪಾಯಿ ಮಾತ್ರ. ಅದರಲ್ಲಿ ಚಿನ್ನ 115 ಕೋಟಿಯದು. ಉಳಿದ ನೋಟಿಗೆಲ್ಲ ಆಧಾರವಾಗಿ ನಮ್ಮ ಸರ್ಕಾರದ ಸಾಲಪತ್ರ ಇದ್ದರೂ ನಡೆಯುತ್ತದೆ. ಅಂದರೆ ಸರ್ಕಾರ ಮಾಡಿದ ಸಾಲವನ್ನೇ ತೋರಿಸಿ ನೋಟು ಅಚ್ಚು ಹಾಕಬಹುದು. ನನಗೆ ಭಯ ಇರುವುದು ಇಲ್ಲೇ.

ಕಡಿವಾಣ ಕಳಚಿದರೆ ಏನಾಗುತ್ತದೆ ಅಂತ ಜರ್ಮನಿ ಕಂಡಿದೆ. 1923ರ ನವೆಂಬರಿನಲ್ಲಿ ಅಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಸಾಲ ಮಾಡಿದವರು ಪಾರಾದರು, ಕೂಡಿಟ್ಟವರು ಹಾಳಾದರು. 2016ರ ನವೆಂಬರ್ 8ರಂದು ನಮ್ಮ 500, 1000ದ ನೋಟುಗಳು ಒಂದು ಭಾಷಣದಿಂದ ಚಲಾವಣೆ ಕಳೆದುಕೊಂಡವು. ಆ ರಾತ್ರಿ ಅಜ್ಜಿಯ ಬಳೆಗೆ ಏನೂ ಆಗಲಿಲ್ಲ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ ದೇಶ ಕಂಗಾಲಾದಾಗ, ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು ಸಾಲ ತಂದಿತು. ಅಂಥ ಹೊತ್ತಿನಲ್ಲಿ ನಮ್ಮ ನೋಟನ್ನು ಯಾರು ಒಪ್ಪುತ್ತಿದ್ದರು?

ವಿರೋಧ: ಬೆಲೆ ಲೋಹದೊಳಗೆ ಕೂತಿಲ್ಲ

ನಮ್ಮ ರೂಪಾಯಿಯ ಕಥೆಯನ್ನೇ ನೋಡೋಣ. 1835ರಿಂದ ಅದು 180 ಗ್ರೇನ್ (ತೂಕದ ಒಂದು ಹಳೆಯ ಅಳತೆ) ತೂಕದ ನಾಣ್ಯ. ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ಈ ತೂಕ ಬದಲಾಗಲಿಲ್ಲ. ಆದರೂ 1870ರ ಸುಮಾರಿಗೆ ಬ್ರಿಟನ್ನಿನ ಚಿಲ್ಲರೆ ಹಣದ ಲೆಕ್ಕದಲ್ಲಿ 24 ಪೆನ್ಸ್ ಹತ್ತಿರ ಇದ್ದ ರೂಪಾಯಿ, 1893ರ ಹೊತ್ತಿಗೆ 15 ಪೆನ್ಸ್ ಆಸುಪಾಸಿಗೆ ಇಳಿಯಿತು. ಜರ್ಮನಿಯಂಥ ದೇಶಗಳು ಬೆಳ್ಳಿ ಬಿಟ್ಟು ಚಿನ್ನ ಹಿಡಿದವು. ಅಮೆರಿಕದ ಗಣಿಗಳಿಂದ ಬೆಳ್ಳಿ ರಾಶಿ ರಾಶಿ ಬಂತು. ಒಳಗೆ ಅಷ್ಟೇ ಬೆಳ್ಳಿ ಇದ್ದರೂ ನಾಣ್ಯದ ಬೆಲೆ ಉಳಿಯಲಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. ಜನ ಬೆಳ್ಳಿ ತಂದುಕೊಟ್ಟು ರೂಪಾಯಿ ಮಾಡಿಸಿಕೊಳ್ಳುವುದನ್ನು ಸರ್ಕಾರ 1893ರಲ್ಲಿ ನಿಲ್ಲಿಸಿತು. 1898ರ ಹೊತ್ತಿಗೆ ರೂಪಾಯಿ 16 ಪೆನ್ಸ್ ಮುಟ್ಟಿತು. ಬೆಳ್ಳಿ ಮಾತ್ರ ಅಗ್ಗವಾಗಿಯೇ ಇತ್ತು. ಒಳಗಿನ ಲೋಹಕ್ಕಿಂತ ನಾಣ್ಯವೇ ದುಬಾರಿ! ಆ ಹೆಚ್ಚಿನ ಬೆಲೆ ಎಲ್ಲಿಂದ ಬಂತು? ಹೊಸ ರೂಪಾಯಿ ಬರುವುದು ಕಡಿಮೆಯಾಯಿತು. ಕಂದಾಯ, ಕೂಲಿ, ವ್ಯಾಪಾರಕ್ಕೆ ಅದು ಬೇಕೇ ಬೇಕಿತ್ತು. ಇವತ್ತಿನ ನೋಟಿಗೂ ಬೆಲೆ ಬರುವುದು ಹೀಗೇ. ತೆರಿಗೆ, ಸಂಬಳ, ಸಾಲದ ಕಂತು ಎಲ್ಲ ಅದರಲ್ಲೇ ತೀರುತ್ತದೆ. ಮಿತಿ ಮೀರದಂತೆ ನೋಡಿಕೊಂಡರೆ ಕಾಗದವೂ ಬಾಳುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದರ ಏರಿ ನಾಣ್ಯಕ್ಕೆ ಬೆಳ್ಳಿ ಹೊಂದಿಸುವುದೇ ಕಷ್ಟವಾದಾಗ, 1917ರಲ್ಲಿ 1 ರೂಪಾಯಿ ನೋಟು ಬಂದದ್ದೂ ಇದನ್ನೇ ತೋರಿಸುತ್ತದೆ.

ಇನ್ನು ಅಜ್ಜಿಯ ಬಳೆ. ಚಿನ್ನವೂ ಕಾನೂನಿನ ಕೈಯಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದಲ್ಲಿ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರ ಚಿನ್ನದ ನಾಣ್ಯ, ಗಟ್ಟಿಗಳನ್ನು ಒಪ್ಪಿಸಲು ಹೇಳಿ ಔನ್ಸಿಗೆ 20.67 ಡಾಲರ್ ಕೊಟ್ಟರು. ಮರುವರ್ಷವೇ ದರವನ್ನು 35ಕ್ಕೆ ಏರಿಸಿದರು. ನಮ್ಮಲ್ಲೂ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಇತ್ತು. ಮನೆಯಲ್ಲಿ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿರಲಿಲ್ಲ.

ನೋಟನ್ನು ಚಿನ್ನಕ್ಕೆ ಕಟ್ಟಿದರೆ ದೇಶದ ದುಡ್ಡು ಗಣಿಯಿಂದ ಬರುವುದರ ಮೇಲೆ ನಿಲ್ಲುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆಮೇಲೆ ದೇಶದಲ್ಲಿ ಎಷ್ಟು ಜನ, ಎಷ್ಟು ಕೆಲಸ, ಎಷ್ಟು ವ್ಯಾಪಾರ ಹೆಚ್ಚಿತು! ಅದಕ್ಕೆಲ್ಲ ದುಡ್ಡು ಬೇಡವಾ?

ಜರ್ಮನಿಯ ಭಯ ಸುಳ್ಳಲ್ಲ. ಅದಕ್ಕೇ 2016ರಲ್ಲಿ ಕಾಯ್ದೆ ತಿದ್ದಿ ಬೆಲೆ ಏರಿಕೆಗೆ ಗುರಿ ಇಟ್ಟರು: ವರ್ಷಕ್ಕೆ ಶೇ 4, ಆಚೆ ಈಚೆ ಶೇ 2. ಸತತ ಮೂರು ತ್ರೈಮಾಸಿಕ ತಪ್ಪಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ತಿಳಿಸಬೇಕು. 2022ರಲ್ಲಿ ಹಾಗೆ ಬರೆಯಬೇಕಾಯಿತು. ಅಂಥ ಪತ್ರ ಎಲ್ಲರಿಗೂ ಓದಲು ಸಿಗಬೇಕು. ಆ ನೋಟನ್ನು ನಂಬಿ ದುಡಿಯುವವರು ನಾವೇ ಅಲ್ವಾ?