ಗುಂಡಿಯ ರೂವಾರಿ ಯಾರು?

ಬಾಡಿಗೆಗೆ ತಂದು ನಾವೇ ಓಡಿಸುವ ಕಾರಿಗೆ ಕಪ್ಪು ನಂಬರ್ ಫಲಕ, ಅದರ ಮೇಲೆ ಹಳದಿ ಅಕ್ಷರ. ಬರುತ್ತಿರುವ ಆಸಾಮಿ ದುಡ್ಡನ್ನೂ ತಾನೇ ಕೊಟ್ಟು ಚಾಕರಿಯನ್ನೂ ತಾನೇ ಮಾಡಿಕೊಳ್ಳುವವನು ಎಂಬುದು ದಾರಿಯಲ್ಲಿ ಎಲ್ಲರಿಗೂ ದೂರದಿಂದಲೇ ತಿಳಿಯಲಿ ಎಂದು ಈ ಏರ್ಪಾಡು ಇರಬೇಕು. ಮೂರು ದಿನ ರಜೆ ಕೂಡಿಬಂದಿತ್ತು. ಹೊಯ್ಸಳರನ್ನು ಮಾತಾಡಿಸಿಕೊಂಡು, ಘಟ್ಟ ಇಳಿದು, ಮರವಂತೆಯ ಕಡಲಿಗೆ ಕಾಲು ಅದ್ದಿ ಬರೋಣವೆಂದು ನಾವೂ ಬೆಂಗಳೂರಿನಲ್ಲಿ ಅಂಥದ್ದೊಂದು ಕಾರು ಹಿಡಿದೆವು. ಕಾರು ಒಪ್ಪಿಸಿದ ಹುಡುಗ ನನ್ನಿಂದ ಅದಕ್ಕೆ ಮೂರು ಪ್ರದಕ್ಷಿಣೆ ಹಾಕಿಸಿ, ಹಳೆಯ ಗೀರುಗಳಿಗೆಲ್ಲ ಫೋಟೊ ತೆಗೆಸಿದ. ಒಟ್ಟು ಹನ್ನೊಂದು. “ಹನ್ನೆರಡನೆಯದು ನಿಮ್ಮ ಲೆಕ್ಕಕ್ಕೆ ಸಾರ್” ಎಂದು ಕೀಲಿ ಕೊಟ್ಟ.

ಮೊದಲು ಶ್ರವಣಬೆಳಗೊಳ. ಬೆಟ್ಟ ಹತ್ತಿ, ಉಸಿರು ಮರಳಿ ಬಂದ ಮೇಲೆ ನನ್ನ ಹೆಂಡತಿ ಗೊಮ್ಮಟನನ್ನು ಮೇಲಿಂದ ಕೆಳಗೆ ನೋಡಿ, “ಐವತ್ತೆಂಟು ಅಡಿಯಲ್ಲಿ ಒಂದು ತೇಪೆಯೂ ಇಲ್ಲವಲ್ಲ ರೀ” ಎಂದಳು. ಬೆಂಗಳೂರಿನಿಂದ ಬಂದ ಕಣ್ಣು ಅದು, ಮೊದಲು ಹುಡುಕುವುದೇ ತೇಪೆಯನ್ನು. ಕ್ರಿ.ಶ. 981ರ ಕೆಲಸ. ಪಾದದ ಬಳಿಯ ಶಾಸನದಲ್ಲಿ ಚಾವುಂಡರಾಯನ ಹೆಸರು, ಮುಂದೆ ‘ಮಾಡಿಸಿದಂ’ ಎಂಬ ಒಂದೇ ಕ್ರಿಯಾಪದ. ಭಾವಚಿತ್ರವಿಲ್ಲ, ಕೈಮುಗಿದ ಭಂಗಿಯಿಲ್ಲ, ಮೂಲೆಯಲ್ಲಿ ಶುಭ ಕೋರುವ ಅಭಿಮಾನಿ ಬಳಗವೂ ಇಲ್ಲ. ಪ್ರಚಾರದ ವಿಷಯದಲ್ಲಿ ಗಂಗರ ಮಂತ್ರಿಗೆ ಸಲಹೆಗಾರರು ಸರಿಯಿರಲಿಲ್ಲ.

ಅಲ್ಲಿಂದ ಹಾಸನದ ಕಡೆಗೆ ಹೊರಟರೆ ಶಾಂತಿಗ್ರಾಮ. ಶಾಂತಲೆಯ ಹೆಸರಿನೊಂದಿಗೆ ಬೆಸೆದುಕೊಂಡ ಊರು, ಈಗ ಟೋಲ್ ಗೇಟಿನ ಊರು. ಇದರಲ್ಲಿ ಇತಿಹಾಸಕ್ಕೆ ಅಪಚಾರವೇನೂ ಆಗಿಲ್ಲ. ಸುಂಕವನ್ನು ಹೊಯ್ಸಳರೂ ಎತ್ತುತ್ತಿದ್ದರು. ಇಂಥ ಸುಂಕ ಇಂಥ ದೇವರ ದೀಪಕ್ಕೆ ಎಂದು ಕಲ್ಲಿನಲ್ಲಿ ಕೊರೆಸಿಡುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಇದ್ದರೂ, ಹೇಳಿಕೊಳ್ಳಲು ಎದುರಿಗೆ ಒಬ್ಬ ಸುಂಕದವನಾದರೂ ಇರುತ್ತಿದ್ದ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಆ ಮುಖವೂ ಹೋಯಿತು. ಮೊಬೈಲ್ ಟಿಣ್ ಎಂದಿತು, ಹಣ ಹೋಯಿತು, ಮುಂದೆ ಐವತ್ತು ಮಾರು ಹೋಗುವಷ್ಟರಲ್ಲಿ ಫಲಕ ಬಂತು: ‘ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ’. ಈ ಮಾತನ್ನು ನಮಗೆ ಹೇಳಿದ್ದೋ ಕಾಮಗಾರಿಗೆ ಹೇಳಿದ್ದೋ ಎಂದು ಫಲಕದಲ್ಲಿ ಸ್ಪಷ್ಟವಿರಲಿಲ್ಲ. ಪಾಲಿಸಿದ್ದು ಮಾತ್ರ ಇಬ್ಬರೂ.

ಬೇಲೂರಿನಲ್ಲಿ ನನಗೆ ಜ್ಞಾನೋದಯವಾಯಿತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ ಗೈಡ್ ಒಂದು ಮದನಿಕೆಯ ಪಾದದ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದರು. ಅಲ್ಲಿ ಸಾಲು ಅಕ್ಷರ, ಶಿಲ್ಪಿಯ ಸಹಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮುಂದಿನ ಶತಮಾನದ ಗುಡಿಗಳಲ್ಲಿ ಮಲ್ಲಿತಮ್ಮ. ಊರು, ಅಪ್ಪನ ಹೆಸರು, ಬಿರುದು, ಎಲ್ಲವನ್ನೂ ಕೆತ್ತಿಟ್ಟಿದ್ದಾರೆ. ಬೆರಳು ಸೊಟ್ಟಗಾಗಿದ್ದರೆ ಯಾರನ್ನು ಕೇಳಬೇಕೆಂಬುದು ಒಂಬೈನೂರು ವರ್ಷಗಳ ಮೇಲೂ ಗೊತ್ತಿದೆ. ಇವರನ್ನು ರೂವಾರಿ ಎನ್ನುತ್ತಿದ್ದರು. ಆ ಪದ ಇಂದಿಗೂ ಬದುಕಿದೆ, ಊರಿನಿಂದ ಹೊರಬಿದ್ದ ಕೂಡಲೇ ಫ್ಲೆಕ್ಸಿನಲ್ಲಿ ಸಿಕ್ಕಿತು: ‘ರಸ್ತೆ ಅಭಿವೃದ್ಧಿಯ ರೂವಾರಿಗೆ ಹಾರ್ದಿಕ ಅಭಿನಂದನೆಗಳು’. ಫ್ಲೆಕ್ಸಿನ ಬುಡದಲ್ಲೇ ಹೊಂಡ. ನಾನು ಕಾರು ನಿಲ್ಲಿಸಿ ಇಳಿದು, ಆ ಹೊಂಡದ ನಾಲ್ಕೂ ಅಂಚುಗಳನ್ನು ಟಾರ್ಚ್ ಬಿಟ್ಟು ನೋಡಿದೆ. ಸಹಿ ಇರಲಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರನದು ಇನ್ನೂ ಹತ್ತಿರದ ಸಂಬಂಧ. 1121ರ ಹೊತ್ತಿಗೆ ಶುರುವಾದ ಗುಡಿ, ಕೊನೆಗೂ ಪೂರ್ತಿಯಾಗಲಿಲ್ಲ. 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಗಿಯದ ಕೆಲಸಕ್ಕೂ ವಿಶ್ವಮನ್ನಣೆ ಉಂಟು ಎಂಬ ಸುದ್ದಿ ಹೆದ್ದಾರಿಯವರ ಕಿವಿಗೆ ಬಿದ್ದಿರಬೇಕು. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್‌ವರೆಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ ಎಂಬ ಕಾನೂನಿದೆಯಲ್ಲ, ಅದನ್ನು ಅವರು ಸಕಲೇಶಪುರದಿಂದ ಕೆಳಗೆ ತಮ್ಮ ರಸ್ತೆಗೇ ಅನ್ವಯಿಸಿಕೊಂಡಂತೆ ಕಾಣುತ್ತದೆ.

ಶಿರಾಡಿ ಘಾಟಿಯನ್ನು ನಾನು ಸ್ಮಾರಕವೆಂದೇ ಕೈಮುಗಿದು ಪ್ರವೇಶಿಸಿದೆ. ಇದರ ರಾಜವಂಶಾವಳಿ ದೊಡ್ಡದು. 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರು. ಉಳಿದ ಭಾಗಕ್ಕೆಂದು 2018ರ ಜನವರಿಯಲ್ಲಿ ಮತ್ತೆ ಮುಚ್ಚಿ, ಜುಲೈಯಲ್ಲಿ ತೆರೆದರು. ಆಗಸ್ಟಿನಲ್ಲಿ ಗುಡ್ಡವೇ ಇಳಿದು ಬಂದು ಮುಚ್ಚಿತು. ಹಾಸನದಿಂದ ಬಿ.ಸಿ. ರೋಡಿನವರೆಗೆ ಚತುಷ್ಪಥ ಮಾಡುತ್ತೇವೆಂದು 2017ರಲ್ಲಿ ಗುಡ್ಡದ ಹೊಟ್ಟೆಗೆ ಕೈಹಾಕಿದ್ದರು. ಆಮೇಲೆ ಗುಡ್ಡ ಪ್ರತಿ ಮಳೆಗಾಲವೂ ತನ್ನ ಪಾಲಿನ ಕಾಮಗಾರಿಯನ್ನು ತಪ್ಪದೆ ನಡೆಸಿಕೊಂಡು ಬರುತ್ತಿದೆ, ಟೆಂಡರ್ ಇಲ್ಲದೆ. ಘಾಟಿಯಲ್ಲಿ ಎಲ್ಲೂ ನಿಲ್ಲದೆ ಸಲೀಸಾಗಿ ಸಾಗಿರುವುದು ಸುರಂಗ ಮಾರ್ಗದ ಪ್ರಸ್ತಾವ ಒಂದೇ. ನಮ್ಮ ಮುಂದೆ ಅನಿಲದ ಟ್ಯಾಂಕರ್ ಇತ್ತು. ಕರಾವಳಿಯವರು ಅದನ್ನು ಬುಲೆಟ್ ಟ್ಯಾಂಕರ್ ಎನ್ನುತ್ತಾರೆ, ಆಕಾರ ನೋಡಿ. ವೇಗ ನೋಡಿ ಹೆಸರಿಟ್ಟಿದ್ದರೆ ಗೂಳಿಯ ಹೆಸರನ್ನಾದರೂ ಇಡುತ್ತಿದ್ದರೋ ಇಲ್ಲವೋ. ಎರಡು ಗಂಟೆ ಅದರ ಬೆನ್ನನ್ನೇ ನೋಡುತ್ತ ಕುಳಿತ ನನ್ನ ಮಗ, ಅದರ ಮೇಲಿದ್ದ ಎಚ್ಚರಿಕೆಯ ಸಾಲುಗಳನ್ನು ಬಾಯಿಪಾಠ ಮಾಡಿದ. ಶಾಲೆಯಲ್ಲಿ ಪ್ರವಾಸದ ಪ್ರಬಂಧಕ್ಕೆ ಅದನ್ನೇ ಬರೆಯುತ್ತಾನಂತೆ.

ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದೆವು. ಲೋಟದಲ್ಲಿ ಹಾಲು, ಡಿಕಾಕ್ಷನ್ ಒಂದರ ಮೇಲೊಂದು ಪದರವಾಗಿ, ಬೆರೆಯದೆ ನಿಂತಿರುತ್ತವೆ. ಇಷ್ಟು ಬಿಗಿಯಾಗಿ ಪದರ ಹಾಕುವ ಕೈಗಳು ಇಲ್ಲೇ ಇರುವಾಗ ರಸ್ತೆಗೆ ಹೊರಗಿನವರನ್ನು ಏಕೆ ಕರೆಸುತ್ತಾರೆ ಎಂದು ಪಕ್ಕದಲ್ಲಿ ಚಹಾ ಹೀರುತ್ತಿದ್ದ ಹಿರಿಯರನ್ನು ಕೇಳಿದೆ. “ಕೆಲಸ ಆಗುತ್ತದೆ ಮಾರಾಯರೆ, ಮಳೆ ಒಂದು ಬಿಡಲಿ” ಎಂದರು. ಹೊರಗೆ ಸುಡುಬಿಸಿಲು ಇತ್ತು.

ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಹತ್ತು ವರ್ಷ ಕಾಯಿಸಿ 2020ರ ಜನವರಿ 31ರಂದು ತೆರೆದುಕೊಂಡಿತು. ಇನ್ನೆರಡೇ ವರ್ಷ ತಡೆದಿದ್ದರೆ ಗೊಮ್ಮಟನ ಮಹಾಮಸ್ತಕಾಭಿಷೇಕದಂತೆ ಹನ್ನೆರಡರ ಲೆಕ್ಕಕ್ಕೆ ಸರಿಯಾಗುತ್ತಿತ್ತು. ಅವಸರ ಮಾಡಿ ಕೆಡಿಸಿದರು. ಸುರತ್ಕಲ್‌ನದು ಬೇರೆಯೇ ಕಥೆ. ಎರಡು ಟೋಲ್‌ಗಳ ನಡುವೆ 60 ಕಿಲೋಮೀಟರ್ ಅಂತರವಿರಬೇಕು ಎಂಬುದು ನಿಯಮ. ಅಲ್ಲಿಂದ ಹೆಜಮಾಡಿಯ ಟೋಲ್‌ಗೆ ಅರ್ಧ ಗಂಟೆಯ ದಾರಿಯೂ ಇಲ್ಲ. ಜನ ವರ್ಷಗಟ್ಟಲೆ ಧರಣಿ ಕುಳಿತ ಮೇಲೆ 2022ರ ಡಿಸೆಂಬರ್ 1ರಿಂದ ವಸೂಲಿ ನಿಂತಿತು. ತಾತ್ಕಾಲಿಕ ಎಂದು ಶುರುವಾಗಿದ್ದ ಟೋಲ್ ಅದು. ನಮ್ಮಲ್ಲಿ ತಾತ್ಕಾಲಿಕವಾದದ್ದನ್ನು ಕೀಳಲು ಚಳವಳಿ ಬೇಕು, ಶಾಶ್ವತವಾದದ್ದಕ್ಕೆ ಒಂದು ಮಳೆ ಸಾಕು.

ಮರವಂತೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಆ ಅರ್ಧ ಗಂಟೆ ನಾನು ರಸ್ತೆಯನ್ನು ನೋಡಲೇ ಇಲ್ಲ. ಅದರ ಶಿಕ್ಷೆ ಹಿಂತಿರುಗುವಾಗ ಸಿಕ್ಕಿತು. ಊರಿನ ಹೆಸರು ಬೇಡ, ಅಲ್ಲಿಯ ಜನ ಒಳ್ಳೆಯವರು, ಕಾರನ್ನು ಅವರೇ ಎತ್ತಿದರು. ರಾತ್ರಿ, ಬಳಸುದಾರಿ, ಫಲಕವಿಲ್ಲ, ದೀಪವಿಲ್ಲ. ಒಂದು ಹೊಂಡವನ್ನು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಇಳಿದೆ. ಅದರ ಆಚೆಗೆ, ಹೊಂಡವಿದೆ ಎಂದು ಎಚ್ಚರಿಸಲು ನಿಲ್ಲಿಸಿದ್ದ ಮರಳಿನ ಡ್ರಮ್ಮು ಎಡಬಾಗಿಲನ್ನು ನೀಟಾಗಿ ಗೀರಿತು.

ಬೆಂಗಳೂರಿನಲ್ಲಿ ಆ ಹುಡುಗ ಕಾರಿಗೆ ಮತ್ತೆ ಪ್ರದಕ್ಷಿಣೆ ಬಂದ. ಎಡಬಾಗಿಲಿನ ಬಳಿ ಕುಕ್ಕರಗಾಲಲ್ಲಿ ಕುಳಿತು, ಬೇಲೂರಿನ ಗೈಡ್‌ನಂತೆಯೇ ಟಾರ್ಚ್ ಬಿಟ್ಟ. “ಹನ್ನೆರಡು” ಎಂದ. ನಾನು ಹೊಂಡದ ಕಥೆ ಹೇಳಿದೆ, ಡ್ರಮ್ಮಿನ ಕಥೆ ಹೇಳಿದೆ, ದಾಸೋಜನ ಕಥೆಯನ್ನೂ ಹೇಳಿದೆ. ಅವನು ಸಮಾಧಾನದಿಂದ ಎಲ್ಲವನ್ನೂ ಕೇಳಿ, ಒಂದು ಹಾಳೆ ಮುಂದಿಟ್ಟ. “ಗೀರಿನ ಕೆಳಗೆ ನಿಮ್ಮ ಸಹಿ ಸಾರ್. ಹೆಸರು, ಊರು, ತಂದೆಯ ಹೆಸರು ಸ್ಪಷ್ಟವಾಗಿ ಬರೆಯಿರಿ.”

ಬರೆದೆ. ಬಿರುದಿಗೆ ಮಾತ್ರ ಜಾಗ ಬಿಟ್ಟಿರಲಿಲ್ಲ.