ಚಾವಿ ಬ್ಯಾಡಾದ ಗಾಡಿ, ಚಾವೀದೇ ಕಾರಭಾರ

ಚಾವಿ ಕಿಸೆದಾಗಿಂದ ತೆಗಿಯೋ ತ್ರಾಸೇ ಇಲ್ಲ, ಹಿಡಿಕಿ ಮುಟ್ಟಿದ್ರ ಸಾಕು ಬಾಗ್ಲ ತೆರೀತದ ಅಂತ ಹೇಳಿ ಕಂಪನಿಯವ್ರು ಕೀಲೆಸ್ ಗಾಡಿ ಮಾರ್ತಾರ, ತಗೊಂಡ ಮಂದಿ ಮಾತ್ರ ಆ ಚಾವಿ ಎಲ್ಲಾರಿಗೂ ಕಾಣಂಗ ಚಹಾದ ಟೇಬಲ್ ಮ್ಯಾಲೇ ಇಡ್ತಾರ. ನಮ್ಮ ಕಲಬುರಗಿ ಜಗತ್ ಸರ್ಕಲ್ ಕಡಿ ಯಾವ್ದೇ ಹೋಟೆಲ್‌ಕ ಹೋಗಿ ನೋಡ್ರಿ, ಮೊದ್ಲ ಚಾವಿ ಕೂಡ್ತದ, ಆಮ್ಯಾಲ ಮೊಬೈಲ್ ಕೂಡ್ತದ, ಕಡೀಕ ಮನಷ್ಯಾ ಕೂಡ್ತಾನ. ಮೊದ್ಲಿನ ಅಂಬಾಸಿಡರ್ ಚಾವಿಗಿ ಈ ಮರ್ಯಾದಿ ಎಲ್ಲಿತ್ತು, ಅದು ಡ್ರೈವರನ ಕಿಸೆದಾಗ ಬೀಡಿ ಕಟ್ಟಿನ ಜೋಡಿ ಇರ್ತಿತ್ತು. ಈಗ ಚಾವಿ ಅಂದ್ರ ಒಡವಿ ಆಗ್ಯಾದ, ಒಡವಿ ಅಂದ ಮ್ಯಾಲ ಅದಕ್ಕೊಂದು ಡಬ್ಬಿ ಬೇಕಲ್ಲ, ಅದ್ಕೇ ಈ ಕವರ್ ಧಂದೆ. ಸಿಲಿಕಾನ್ ಕವರ್, ಚರ್ಮದ ಕವರ್, ಕಾರ್ಬನ್ ಫೈಬರ್ ಡಿಸೈನಿನ ಕವರ್, ಪೂರಾ ಲೋಹದ ಕವರ್. ಪೋರ್ಷೆ ಕಂಪನಿ ಚಾವಿ ಅಂತೂ ಸಣ್ಣ ಕಾರಿನ ಆಕಾರದಾಗೇ ಇರ್ತದ, ಅದಕ್ಕೂ ಮಂದಿ ಕವರ್ ಹಾಕ್ತಾರ, ಅಂದ್ರ ಅಷ್ಟು ಕಷ್ಟಪಟ್ಟು ಮಾಡಿದ ಆಕಾರ ಯಾರಿಗೂ ಕಾಣಬಾರ್ದು ಅಂತ ಅವರೇ ರೊಕ್ಕ ಕೊಟ್ಟು ಮುಚ್ಚಿಸ್ತಾರ.

ನಮ್ಮ ಅಕ್ಕನ ಮಗ ಹೈದ್ರಾಬಾದ್‌ನ್ಯಾಗ ಸಾಫ್ಟ್‌ವೇರ್ ಕೆಲಸದಾಗ ಇದ್ದಾನ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ಒಂದು ತಗೊಂಡಾನ, ಕೆಂಪು ಬಣ್ಣ, ಎರಡೇ ಬಾಗ್ಲ, ಹೊಟ್ಟಿ ನೆಲಕ್ಕ ಹತ್ತಿರ. ಹೋದ ಮೇ ತಿಂಗಳದಾಗ ಮನ್ಯಾಗ ಮದುವಿ ಇತ್ತು ಅಂತ ಅದರಾಗೇ ಬಂದ. ಹುಮನಾಬಾದ್ ತನಕ ವಿಮಾನದಂಗ ಬಂದೆ ಮಾಮಾ, ಅಲ್ಲಿಂದ ಕಮಲಾಪುರ ದಾಟೋ ತನಕ ಒಂದೊಂದ್ ಸ್ಪೀಡ್ ಬ್ರೇಕರ್‌ಗಿ ಕೈ ಮುಗದು ಅಡ್ಡಡ್ಡ ಹಾಯಿಸ್ಕೋತ ಬಂದೆ ಅಂತ ಹೇಳ್ದ. ಅವ್ವ ಗಾಡಿ ಸುತ್ತ ಒಂದ್ ರೌಂಡ್ ಹಾಕಿ, "ಇಷ್ಟ್ ರೊಕ್ಕ ಕೊಟ್ಟಿ, ಇನ್ನೆರಡ್ ಬಾಗ್ಲ ಹಚ್ಚಿಸ್ಬೇಕಿಲ್ಲೇನೋ?" ಅಂದಳು.

ಅವನ ಚಾವಿಗಿ ಲೋಹದ ಕವರ್ ಇತ್ತು. ಕೈಯಾಗ ಹಿಡದ್ರ ತಕ್ಕಡಿ ಕಲ್ಲು ಹಿಡದಂಗ. ಯಾಕಪ್ಪಾ ಇಷ್ಟ್ ಭಾರ ಅಂದ್ರ, ಮೊದ್ಲ ಒಂದ್ಸಲ ಬರೀ ಚಾವಿ ನಮ್ಮನಿ ಶಹಾಬಾದ್ ಕಲ್ಲಿನ ಫರ್ಸಿ ಮ್ಯಾಲ ಬಿದ್ದು ಮೂಲಿ ಸೀಳಿತ್ತಂತ, ಹೊಸಾ ಚಾವಿ ಮಾಡಿಸಿ ಗಾಡಿ ಜೋಡಿ ಕೂಡಸ್ಬೇಕಂದ್ರ ಸಾವಿರಗಟ್ಲೆ ಹೋಗ್ತದಂತ. ಅವನ ಮಾತೂ ಖರೇನೇ ಅದ, ಶಹಾಬಾದ್ ಕಲ್ಲಿಗಿ ಯಾವ ದೇಶದ ಪ್ಲಾಸ್ಟಿಕ್ ಆದ್ರೇನು. ಖರೆ ಲೋಹದ ಕವರ್ ಹಾಕಿದ ಮ್ಯಾಲ ಶುರು ಆಯ್ತು ನೋಡ್ರಿ.

ಶರಣಬಸವೇಶ್ವರ ಗುಡಿಗಿ ಹೋಗಿ ಕಾಯಿ ಒಡಿಸ್ಕೊಂಡು ಹೊರಗ ಬಂದ್ವಿ. ಹನ್ನೆರಡರ ಬಿಸ್ಲು, ನಮ್ಮ ಕಡಿ ಮೇ ಅಂದ್ರ 42 ಡಿಗ್ರಿ ದಾಟೋದೇನ್ ಹೊಸಾದಲ್ಲ, ಗಾಡಿ ಹಿಡಿಕಿ ಮುಟ್ಟಿದ್ರ ರೊಟ್ಟಿ ಹಂಚು. ಹುಡುಗ ಹಿಡಿಕಿ ಎಳೀತಾನ, ಬರಂಗಿಲ್ಲ. ಕೈ ಊದ್ಕೋತಾನ, ಮತ್ತ ಎಳೀತಾನ, ಬರಂಗಿಲ್ಲ. ಅಲ್ಲೇ ಹೂ ಮಾರೋ ಮುದುಕಿ, "ಯಾರದೋ ಗಾಡಿ ಅದು, ನಿಮ್ದು ಹೌದಿಲ್ಲೋ ನೋಡ್ರಪಾ" ಅಂತ ಕೇಳಿಯೇ ಬಿಟ್ಟಳು, ನಾಕ್ ಮಂದಿ ನಮ್ಮ ಕಡಿ ತಿರುಗಿ ನೋಡಿದ್ರು.

ಇದ್ರ ಕಥಿ ಏನಂದ್ರ, ಹಿಡಿಕಿ ಮುಟ್ಟಿದ ಕೂಡ್ಲೆ ಗಾಡಿ "ಚಾವಿ ಬಂದದೇನು?" ಅಂತ ಸಣ್ಣ ಧ್ವನಿಲೆ ಕೇಳ್ತದ. 125 ಕಿಲೋಹರ್ಟ್ಜ್ ಆಸುಪಾಸಿನ ಸಿಗ್ನಲ್ ಅದು, ಒಂದೆರಡು ಮೀಟರ್ ಆಚಿ ಕೇಳ್ಸಂಗಿಲ್ಲ, ಬೇಕಂತಲೇ ಹಂಗ ಇಟ್ಟಾರ, ಇಲ್ಲಂದ್ರ ನೀವು ಮನ್ಯಾಗ ಉಣ್ಣಾಕ ಕುಂತಾಗ ಬೀದ್ಯಾಗ ಯಾರ್ ಮುಟ್ಟಿದ್ರೂ ಬಾಗ್ಲ ತೆರೀತಿತ್ತು. ಚಾವಿ ಅದನ್ನ ಕೇಳಿ 433 ಮೆಗಾಹರ್ಟ್ಜ್‌ನ್ಯಾಗ "ಹೌದು, ನಾನೇ" ಅಂತ ಗುಪ್ತ ಕೋಡ್ ಹೇಳ್ಬೇಕು. ಈಗ ಚಾವಿಗಿ ಸುತ್ತೂಕಡಿ ಲೋಹ ಹೊಚ್ಚಿದ್ರ ಪಾಪ ಅದಕ್ಕ ಕೇಳ್ಸೋದೂ ಇಲ್ಲ, ಅದು ಹೇಳಿದ್ದು ಹೊರಗ ಬರೋದೂ ಇಲ್ಲ. ಹಿಂಗಾಗಿ ನಮ್ಮ ಹುಡುಗ ಕೀಲೆಸ್ ಗಾಡಿ ತೆರಿಲಾಕ ಕಿಸೆದಾಗಿಂದ ಕವರ್ ತೆಗದು, ಕವರಿಂದ ಸ್ಕ್ರೂ ಬಿಚ್ಚಿ, ಒಳಗಿಂದ ಚಾವಿ ತೆಗದು, ಅದನ್ನ ಬಾಗ್ಲಿಗಿ ತೋರಿಸ್ಬೇಕಾಯ್ತು. ಸ್ಕ್ರೂ ಬಿಚ್ಚಲಾಕ ನನ್ನ ಹೆಂಡ್ತಿ ಸೇಫ್ಟಿ ಪಿನ್ ಕೊಟ್ಟಳು.

ಅದೇ ಸಂಜಿಗಿ ಸೂಪರ್ ಮಾರ್ಕೆಟ್‌ಕ ಹೋದ್ವಿ, ಮೊಬೈಲ್ ಕವರ್ ಮಾರೋ ಸಣ್ಣ ಅಂಗಡಿ. ಗೋಡಿ ತುಂಬ ಸ್ವಿಫ್ಟಿಂದು, ಕ್ರೆಟಾದ್ದು, ಫಾರ್ಚುನರ್‌ದು ಕವರ್ ಜೋತಬಿದ್ದಿದ್ವು. ಅಂಗಡಿ ಹುಡುಗ ನಮ್ಮ ಚಾವಿ ಹೊಳ್ಳಿಸಿ ಹೊಳ್ಳಿಸಿ ನೋಡಿ, "ಭಾಯ್, ಈ ಮಾಲ್ ಇಲ್ಲಿ ಬರಂಗಿಲ್ಲ, ಖರೆ ಅಡ್ಜಸ್ಟ್ ಮಾಡಿ ಕೊಡ್ತೀನಿ" ಅಂದ. ಬ್ಲೇಡ್ ತಗೊಂಡು ಯಾವ್ದೋ ಗಾಡೀದು ಕರಿ ಸಿಲಿಕಾನ್ ಕವರ್ ಒಂದ್ ಕಡಿ ಕೊಯ್ದು, ಬಾಯಾಗ ಹಿಡ್ಕೊಂಡು ಜಗ್ಗಿ, ಬೆವರು ಬರೋ ತನಕ ತುರುಕಿ ಹಾಕ್ದ. ಬಟನ್ ಇರೋ ಕಡಿ ರಬ್ಬರ್ ಉಬ್ಬಿತ್ತು, ನಾ ಬಟ್ಟು ಇಟ್ಟು ತೋರಿಸ್ದೆ. "ಅದು ನಾಕ್ ದಿನಕ್ಕ ಸೆಟ್ ಆಗ್ತದ ಅಂಕಲ್." ನಾಕ್ ದಿನ ಕಾಯೋ ಪುರುಸೊತ್ತು ಆ ಬಟನ್‌ಗಿ ಇರ್ಲಿಲ್ಲ.

ಮರುದಿನ ಮದುವಿ, ಸೇಡಂ ರೋಡಿನ ಕಡಿ ಕಲ್ಯಾಣ ಮಂಟಪ. ಹುಡುಗ ಗಾಡಿ ಹೊರಗ ಬೇವಿನ ಗಿಡದ ನೆರಳಿಗಿ ಹಚ್ಚಿ, ಬಿಗಿ ಜೀನ್ಸ್‌ನ್ಯಾಗ ಚಾವಿ ತುರುಕಿ ಪಂಕ್ತಿಗಿ ಕುಂತ. ಗೋಧಿ ಹುಗ್ಗಿ, ಜ್ವಾಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಇಲ್ಲಿ ಒಂದು ಮಾತು ಹೇಳ್ಬೇಕು. ಭಾಳಷ್ಟು ಗಾಡಿಯಾಗ ಅನ್‌ಲಾಕ್ ಬಟನ್ ಹಂಗೇ ಒತ್ತಿ ಹಿಡದ್ರ ಕಿಟಕಿ ಗಾಜು ಎಲ್ಲಾ ತಾವೇ ಕೆಳಗ ಇಳೀತಾವ, ಬಿಸ್ಲಾಗ ನಿಂತ ಗಾಡಿ ಒಳಗಿನ ಕಾವು ಹೊರಗ ಹೋಗ್ಲಿ ಅಂತ ಕೊಟ್ಟಿರೋ ಸವಲತ್ತು. ನಮ್ಮ ಹುಡುಗ ಚಕ್ಕಳ ಮಕ್ಕಳ ಹಾಕಿ ಕುಂತ, ತೊಡಿ ಜೀನ್ಸ್ ಒತ್ತಿತು, ಜೀನ್ಸ್ ರಬ್ಬರ್ ಒತ್ತಿತು, ರಬ್ಬರ್ ಬಟನ್ ಒತ್ತಿತು. ಒಳಗ ಅವಾ ಎರಡ್ನೇ ಸಲ ಹುಗ್ಗಿ ಹಾಕಿಸ್ಕೊಳ್ಳಾಕತ್ತಾನ, ಹೊರಗ ಎರಡೂ ಗಾಜು ಸಾವಕಾಶ ಇಳದಾವ.

ಕೆಂಪು ಗಾಡಿ, ಗಾಜು ತೆರದದ, ಮಂಟಪದ ಮುಂದ ನಿಂತದ. ನೋಡಿದವ್ರು ಇದು ಮದುಮಗನ ಗಾಡೀನೇ ಅಂತ ತಿಳ್ಕೊಂಡ್ರು, ಅವರ ತಪ್ಪೇನೂ ಇಲ್ಲ. ಹೂವಿನವ ಬಂದು ಸೇವಂತಿ ಹಾರದ ಬುಟ್ಟಿ ಸೀಟಿನ ಮ್ಯಾಲ ಇಟ್ಟು ಚಹಾ ಕುಡಿಲಾಕ ಹೋದ. ಬೀಗರ ಕಡೀದು ಒಬ್ಬ ಕಾಕಾ ಬುತ್ತಿ ಗಂಟು ಇಟ್ಟ. ನಮ್ಮ ಓಣಿ ಸಣ್ಣ ಹುಡುಗ್ರು ಕಿಟಕಿಲಿಂದ ಒಳಗ ಇಳದು ಬ್ರೂಂ ಬ್ರೂಂ ಅಂತ ಬಾಯಿಲೆ ಬಿಜಾಪುರ ಮುಟ್ಟಿ ಬಂದ್ವು. ಆಮ್ಯಾಲ ಬಂದದ್ದು ಆಡು. ಎತ್ತರದ ಜೀಪ್ ಇದ್ರ ಅದಕ್ಕ ನಿಲುಕ್ತಿರ್ಲಿಲ್ಲ, ಈ ಗಾಡಿಗಿ ಜಿಗಿಯೋದೂ ಬೇಕಾಗಿರ್ಲಿಲ್ಲ, ಮುಂಗಾಲು ಬಾಗ್ಲಿನ ಅಂಚಿಗಿ ಇಟ್ಟು, ಕುತ್ತಿಗಿ ಒಳಗ ಹಾಕಿ, ಅರ್ಧ ಕಣ್ಣು ಮುಚ್ಚಿ, ಒಂದೊಂದೇ ಹೂವು ಆರಿಸಿ ಆರಿಸಿ ತಿನ್ನಾಕತ್ತಿತ್ತು. ಹೂವಿನವ ಚೀರಿದ ಮ್ಯಾಲೇ ನಮಗ ಗೊತ್ತಾದದ್ದು. ನಾವು ಎಂಜಲ ಕೈಲೆ ಓಡಿ ಬರೋದ್ರಾಗ ಗಾಳಿ ಬೀಸಿ ಸೇಡಂ ರೋಡಿನ ಧೂಳೆಲ್ಲ ಸೀಟಿನ ಮ್ಯಾಲ ಕುಂತಿತ್ತು, ಕಾಕಾ ಮಾತ್ರ ತನ್ನ ಬುತ್ತಿ ಗಂಟು ಝಾಡಿಸಿ, "ಗಾಡಿ ಛಲೋ ಅದ, ಹಿಂದ ಸೀಟೊಂದು ಇದ್ರ ನಾವೂ ಬರ್ತಿದ್ವಿ" ಅಂದ್ರು.

ಹಂಗ ನೋಡಿದ್ರ ಕವರ್ ಇಲ್ಲದ ಚಾವೀನೂ ಸುಮ್ಮ ಇರಂಗಿಲ್ಲ ಬಿಡ್ರಿ. ನಮ್ಮ ಓಣ್ಯಾಗ ಒಬ್ರು ಹೆಂಡ್ತಿನ ಬಾಜೂಕ ಕೂಡಿಸ್ಕೊಂಡು ರೈಲ್ವೆ ಸ್ಟೇಷನ್‌ಕ ಹೋದ್ರು, ಗಾಡಿ ಚಾಲೂ ಇದ್ದಾಗೇ ಇಳದು ಓಡಿ ಟ್ರೇನ್ ಹತ್ತಿದ್ರು, ಆಕಿ ಡ್ರೈವರ್ ಸೀಟಿಗಿ ಬಂದು ಗಾಡಿ ಹೊಡಕೊಂಡು ಕಣ್ಣಿ ಮಾರ್ಕೆಟ್‌ಕ ಬಂದು ಕಾಯಿಪಲ್ಯ ತಗೊಳ್ಳಾಕ ಬಂದ್ ಮಾಡಿದ್ಲು. ಚಾಲೂ ಇರೋ ಗಾಡಿ ಚಾವಿ ದೂರ ಹೋಗ್ಯಾದಂತ ಕುಂಯ್ ಕುಂಯ್ ಅಂತದೇ ಹೊರ್ತು ನಡುಬೀದ್ಯಾಗ ನಿಲ್ಲಂಗಿಲ್ಲ, ನಿಂತ್ರ ಅಪಘಾತ ಆಗ್ತದಂತ ಹಂಗ ಮಾಡ್ಯಾರ. ಒಮ್ಮಿ ಬಂದ್ ಆದ್ರ ಮಾತ್ರ ಚಾವಿ ಇಲ್ದ ಚಾಲೂ ಆಗಂಗಿಲ್ಲ. ಬದ್ನಿಕಾಯಿ ಚೀಲ ಹಿಡ್ಕೊಂಡು ಆಕಿ ಫೋನ್ ಹಚ್ಚೋ ಹೊತ್ತಿಗಿ ಚಾವಿ ಶಹಾಬಾದ್ ದಾಟಿ ವಾಡಿ ಕಡಿ ಹೊಂಟಿತ್ತು.

ನಮ್ಮ ಮನಿ ಕಥಿಗಿ ಬರೋಣ. ಆಡಿನ ಪ್ರಕರಣ ಆದ ಮ್ಯಾಲ ಸಿಲಿಕಾನ್ ಕಿತ್ತು ಒಗದು ಬರೀ ಚಾವಿ ಕಟ್ಟಿ ಮ್ಯಾಲ ಇಟ್ಟಿದ್ದ. ಅವ್ವ ನೋಡಿದ್ಲು. ಸಣ್ಣ ಹುಡುಗ್ರು ಒಯ್ತಾವ, ಇಲಿ ಎಳೀತದ ಅಂತ ಅದನ್ನ ಒಂದು ಸ್ಟೀಲ್ ಡಬ್ಯಾಗ ಹಾಕಿ ಬಿಗಿಯಾಗಿ ಮುಚ್ಚಳ ಹಾಕಿದ್ಲು, ಅದು ಅವನ ಜೋಡಿ ಕಳಸ್ಬೇಕಂತ ತೊಗರಿ ಬ್ಯಾಳಿ ತುಂಬಿಟ್ಟ ಡಬ್ಬಿ. ಮುಂಜಾನಿ ಹುಡುಗ ಹೊಂಟು ನಿಂತಾನ, ಬಗಲಾಗ ಡಬ್ಬಿ ಹಿಡ್ಕೊಂಡಾನ, ಚಾವಿ ಎಲ್ಲಿ ಅಂತ ಮನಿ ಎಲ್ಲಾ ಹುಡ್ಕಲಾಕತ್ತಾನ. ಗಾದಿ ಎತ್ತಿ ನೋಡಿದ್ವಿ, ನಿನ್ನೆ ಹಾಕ್ಕೊಂಡ ಜೀನ್ಸ್ ನೀರಿನ ಬಕೀಟಿನಾಗಿಂದ ತೆಗದು ಹಿಂಡಿ ನೋಡಿದ್ವಿ. ಕಿಸೆದಾಗೋ ಬ್ಯಾಗಿನಾಗೋ ಇದ್ರ ಗಾಡಿಗರೆ ಗೊತ್ತಾಗ್ತದಂತ ಹಿಡಿಕಿ ಎಳದ, ಅದೂ ಇಲ್ಲ ಅಂತು. "ಆಯಿ, ನೀ ನೋಡಿಯೇನು?" ಅಂತ ಕಡೀಕ ಕೇಳ್ದ. "ನಿನ್ನ ಬಗಲಾಗೇ ಅದಲ್ಲೋ, ಬ್ಯಾಳ್ಯಾಗ" ಅಂದಳು.

ಮೈಕೆಲ್ ಫ್ಯಾರಡೆ ಅನ್ನೋ ವಿಜ್ಞಾನಿ 1836ರಾಗೇ ಲೋಹ ಹೊದಿಸಿದ ಕೋಣಿ ಒಳಗ ಹೊರಗಿನ ವಿದ್ಯುತ್ ಹಾಯಂಗಿಲ್ಲ ಅಂತ ತೋರಿಸಿದ್ದ. ಇದನ್ನೇ ಹಿಡ್ಕೊಂಡು ಈಗ ಚಾವಿ ಇಡಾಕ ಫ್ಯಾರಡೆ ಪೌಚ್ ಅಂತ ಒಳಗ ಲೋಹದ ಪದರ ಇರೋ ಸಣ್ಣ ಚೀಲ ಮಾರ್ತಾರ. ಮನಿ ಒಳಗಿನ ಚಾವಿ ಸಿಗ್ನಲ್ ಇಬ್ಬರು ಕಳ್ಳರು ಯಂತ್ರ ಹಿಡ್ಕೊಂಡು ಗಾಡಿ ತನಕ ಮುಟ್ಟಿಸಿ ಗಾಡಿನೇ ಹೊಡಕೊಂಡು ಹೋಗ್ತಾರಲ್ಲ, ಅದಕ್ಕ ಉಪಾಯ ಇದು. ಹುಡುಗ ಇಷ್ಟೆಲ್ಲ ತಿಳಿಸಿ ಹೇಳಿದ ಮ್ಯಾಲ ಅವ್ವ, "ಮತ್ತ ನಾ ಮಾಡಿದ್ದೂ ಅದೇ ಆಯ್ತಲ್ಲ" ಅಂದಳು. ಅವನ ಹಂತ್ಯಾಕ ಉತ್ತರ ಇರ್ಲಿಲ್ಲ.

ಕಡೀಕ ಆಕೀನೇ ತನ್ನ ಎಲಿ ಅಡಕಿ ಚಂಚಿ ಖಾಲಿ ಮಾಡಿ ಕೊಟ್ಟಳು. ಹಳೀ ಇಳಕಲ್ ಸೀರಿ ತುಂಡಿಲೆ ಹೊಲದದ್ದು, ಎರಡು ಪದರ, ಬಾಯಿಗಿ ಲಾಡಿ. ಬಟ್ಟಿ ಆದ್ದರಿಂದ ಸಿಗ್ನಲ್ ಆರಾಮ್ ಹಾಯ್ತದ, ಬಟನ್ ಒತ್ತಂಗಿಲ್ಲ, ಫರ್ಸಿ ಮ್ಯಾಲ ಬಿದ್ರೂ ಧಪ್ ಅಂತದ ಅಷ್ಟೇ. ಹುಡುಗ ಮುಖ ಸಣ್ಣದು ಮಾಡ್ಕೊಂಡೇ ತಗೊಂಡು ಹೋದ. ವಾರದಾಗ ಫೋನ್ ಬಂತು, "ಆಯಿ, ನಮ್ಮ ಆಫೀಸಿನ ದೋಸ್ತರು ಎಲ್ಲಿ ತಗೊಂಡಿ ಅಂತ ಕೇಳ್ಲಾಕತ್ತಾರ, ಇನ್ನೊಂದ್ ನಾಕ್ ಹೊಲದು ಕಳಸ್ತಿಯೇನು?" ಅಂತ.

ಅವ್ವ ಫೋನ್ ಸ್ಪೀಕರ್‌ಗಿ ಹಾಕಿಸಿ ಕೇಳಿದ್ಲು, "ಕಳಸ್ತೀನಿ ತಗೋ, ಸುಣ್ಣದ ಡಬ್ಬಿಗಿ ಬ್ಯಾರೆ ಖಾನಿ ಇಡ್ಲ್ಯಾ ಬ್ಯಾಡಾ ಅಂತ ಅವರಿಗಿ ಕೇಳಿ ಹೇಳು."